ಬೋರ್ಡಿನ ಮೇಲಿದ್ದ ಮಾತು

ನಮ್ಮ ಸರ್ ಅವರ ಬಲಗೈಯ ತೋರುಬೆರಳು, ನಡುಬೆರಳು ಮಡಚುತ್ತಿರಲಿಲ್ಲ. ಸೀಮೆಸುಣ್ಣವನ್ನು ಹೆಬ್ಬೆರಳಿಗೂ ಉಂಗುರಬೆರಳಿಗೂ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಿದ್ದರು. ಅಕ್ಷರ ಕೋಳಿ ಕೆದರಿದಂತಿರುತ್ತಿತ್ತು. ಆ ಬೆರಳು ಮುರಿದದ್ದು ನನ್ನಿಂದ.

ಸವಣೂರಿನ ಕಾಲೇಜಿನಲ್ಲಿ ಅವರು ನಮಗೆ ರಾಜಕೀಯ ತತ್ವಶಾಸ್ತ್ರ ಕಲಿಸುತ್ತಿದ್ದರು. ದೊಡ್ಡ ವಿಶ್ವವಿದ್ಯಾಲಯದಿಂದ ಕರೆ ಬಂದರೂ ಹೋಗದ ಹಟಮಾರಿ. ಪ್ರತಿ ಶನಿವಾರ ಚರ್ಚೆ. ಚೀಟಿ ಎತ್ತಬೇಕು, ಅದರಲ್ಲಿ ಬಂದ ಪಕ್ಷವನ್ನೇ ವಾದಿಸಬೇಕು, ಮನಸ್ಸಿರಲಿ ಬಿಡಲಿ. ಎಲ್ಲಕ್ಕಿಂತ ಗಟ್ಟಿಯಾದ ವಾದವನ್ನು ತಾವೇ ಬೋರ್ಡಿನ ಮೇಲೆ ಬರೆಯುತ್ತಿದ್ದರು, ಆಡಿದವರ ಹೆಸರು ಮಾತ್ರ ಹಾಕುತ್ತಿರಲಿಲ್ಲ. "ವಾದ ನೋಡ್ರಿ, ಮಾರಿ ನೋಡಬ್ಯಾಡ್ರಿ" ಎನ್ನುತ್ತಿದ್ದರು.

ಆ ವರ್ಷ ಶಿಗ್ಗಾಂವಿ ಕಡೆಯ ನಮ್ಮೂರಲ್ಲಿ ಹೊಲಗಳನ್ನು ಕಾರ್ಖಾನೆಗೆ ಕೊಡಬೇಕೋ ಬೇಡವೋ ಎಂಬ ಗದ್ದಲ ಎದ್ದಿತ್ತು. ನನಗೆ ಬಂದ ಚೀಟಿ: ಕೊಡಬೇಕು. "ನೂರು ಮನೆಯ ಅನ್ನಕ್ಕೆ ಹತ್ತು ಮನೆಯ ಹೊಲ ಹೋದರೆ ಅನ್ಯಾಯವಲ್ಲ" ಎಂದು ಹುರುಪಿನಲ್ಲಿ ವಾದಿಸಿದೆ. ಸರ್ ಅದನ್ನೇ ಬರೆದರು. ಯಾರೋ ಫೋಟೊ ತೆಗೆದು ವಾಟ್ಸಪ್ಪಿಗೆ ಹಾಕಿದರು.

ಸೋಮವಾರ ಪಾಠದ ನಡುವೆ ನಮ್ಮೂರಿನ ಹತ್ತು ಹನ್ನೆರಡು ಮಂದಿ ಬಡಿಗೆ ಹಿಡಿದು ಕೋಣೆಗೆ ನುಗ್ಗಿದರು. ಎಲ್ಲರಿಗಿಂತ ಮುಂದಿದ್ದವನು ನನ್ನ ಸ್ವಂತ ಕಾಕಾ; ಹೊಲ ಹೋಗಲಿದ್ದ ಹತ್ತು ಮನೆಗಳಲ್ಲಿ ಅವನದೂ ಒಂದು.

"ಇದನ್ನ ಹೇಳಿದ ಮಗ ಯಾಂವ?" ಎಂದು ಮೊಬೈಲಿನಲ್ಲಿದ್ದ ಫೋಟೊ ತೋರಿಸಿದ.

ನಾನು ಪುಸ್ತಕದ ಮೇಲೆ ತಲೆ ಬಗ್ಗಿಸಿದೆ. ಸರ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಅಕ್ಷರ ನಂದು, ಮಾತೂ ನಂದ ರೀ. ಕುಂತ್ರಿ, ಮಾತಾಡೋಣು."

ಕಾಕಾ ಕೂರಲಿಲ್ಲ. ಮೊದಲ ಏಟಿಗೆ ಕನ್ನಡಕ ಹಾರಿತು, ಮುಂದಿನದಕ್ಕೆ ಹಣೆ ಒಡೆಯಿತು. ಬಿದ್ದವರ ಬಲಗೈಯನ್ನು ಬೆಂಚಿನ ಮೇಲೆ ಒತ್ತಿ ಹಿಡಿದು, "ಇದ ಕೈಲೆ ಬರದಿ ಹೌದಿಲ್ಲೋ?" ಎಂದು ಜಜ್ಜಿದರು. ಎಲುಬು ಮುರಿದ ಸದ್ದು ಕೊನೆಯ ಬೆಂಚಿನಲ್ಲಿದ್ದ ನನಗೂ ಕೇಳಿಸಿತು. ನಾನು ಎದ್ದು ನಿಲ್ಲಲಿಲ್ಲ. ಹೇಡಿ ನಾನು.

ಸರ್ ಪೊಲೀಸರಿಗೂ ಯಾರ ಹೆಸರನ್ನೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಅವರ ಕಾಲು ಹಿಡಿದು ಅತ್ತೆ. "ನಾ ಅಂತ ಯಾಕ ಹೇಳಲಿಲ್ರಿ ಸರ್?"

"ಹೇಳಿದ್ರ ನಿನ್ನ ಅಲ್ಲೇ ಕೊಲ್ತಿದ್ರು, ತಮ್ಮಾ. ಆದ್ರ ನಿನ್ನ ವಾದ ಕಚ್ಚಾ ಇತ್ತು ನೋಡು. ಆ ಹತ್ತು ಮನಿಯವರನ್ನ ಕೇಳಿದವರು ಯಾರು?"

ಆ ಪ್ರಶ್ನೆಯನ್ನೇ ಹಿಡಿದು ಪಿಎಚ್.ಡಿ. ಮುಗಿಸಿದೆ. ಈಗ ಅದೇ ವಿಷಯ ಕಲಿಸಿ ಹೊಟ್ಟೆ ಹೊರೆಯುತ್ತೇನೆ.

ಹೋದ ತಿಂಗಳು ಸರ್ ತೀರಿಕೊಂಡರು. ಮಣ್ಣು ಮಾಡಿ ಬಂದವನು ನೆಟ್ಟಗೆ ಕಾಕಾನ ಮನೆಗೆ ಹೋದೆ. "ಮನಷ್ಯಾ ಚಲೋ ಇದ್ದ ಅಂತಾರ. ಆದ್ರ ಹಂಗ ಬರೀಬಾರದಿತ್ತು" ಅಂದ.

"ಅದನ್ನ ಹೇಳಿದಾಂವ ನಾನು, ಕಾಕಾ."

ಕಾಕಾ ಎದ್ದು ಬಂದು ಕಪಾಳಕ್ಕೆ ಬಿಟ್ಟ. ಬಾಯಲ್ಲಿ ರಕ್ತ ಬಂತು. ನನಗೆ ಬೀಳಬೇಕಿದ್ದ ಏಟುಗಳಲ್ಲಿ ನನಗೆ ಸಿಕ್ಕಿದ್ದು ಅದೊಂದೇ. ಉಳಿದವನ್ನೆಲ್ಲ ಸರ್ ತಿಂದುಬಿಟ್ಟಿದ್ದರು.