ಮದ್ದುಸೊಪ್ಪಿಗೂ ಎಕ್ಸ್‌ರೇಗೂ ಒಂದು ಪರೀಕ್ಷೆ

ಮದ್ರಾಸಿನ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಮ್ಮ ಒಂದು ಗಾಜಿನ ಸೀಸೆಯನ್ನು ಬೆಳಕಿಗೆ ಹಿಡಿದು ನಿಂತಿದ್ದರು. ಒಳಗಿದ್ದದ್ದು ಪರೀಕ್ಷೆಗೆಂದು ಅಂದೇ ಮೊದಲ ಸಲ ಹಿಡಿದ ನಮ್ಮ ಚಿಕ್ಕಮ್ಮನ ಮೂತ್ರ. ಬಣ್ಣ ಕೆಂಪು.

ನರ್ಸಮ್ಮನ ಮುಖ ಬಿಳುಚಿಕೊಂಡಿತು. ರಕ್ತ ಹೋಗುತ್ತಿದೆ ಎಂದು ಓಡಿದರು. ಐದು ನಿಮಿಷದಲ್ಲಿ ಆ ದಿನದ ಎಕ್ಸ್‌ರೇ ಕ್ಯಾನ್ಸಲ್. ಮೂತ್ರಪಿಂಡ ಪರೀಕ್ಷೆ ಮಾಡಬೇಕೆಂದು ಆರ್ಡರ್.

ಕೊಡಗಿನವರಾದ ನಿಮಗೆ ಇಷ್ಟು ಹೊತ್ತಿಗೆ ನಗು ಬಂದಿರಬೇಕು. ಆಟಿ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡ ಯಾರಿಗೆ ತಾನೇ ಮರುದಿನ ಕೆಂಪಗೆ ಹೋಗುವುದಿಲ್ಲ? (ಕೊಡವರು ಅದನ್ನೇ ಕಕ್ಕಡ ಎನ್ನುತ್ತಾರೆ. ತಿಂಗಳ ಹೆಸರು ಎರಡು, ಸೊಪ್ಪು ಒಂದೇ. ಹದಿನೆಂಟು ಬಗೆ ಮದ್ದು ಸೊಪ್ಪಿನಲ್ಲಿ ಕೂಡುವುದು ಆ ಒಂದು ದಿನವೇ ಎಂದು ನಮ್ಮ ನಂಬಿಕೆ.) ನನಗೆ ಮಾತ್ರ ನಗು ಬರಲಿಲ್ಲ. ಚಿಕ್ಕಮ್ಮ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು.

"ಹೇಳ್ಬೇಡ," ಅಂದರು. "ಮದ್ದಿನ ವಿಷ್ಯ ಇವ್ಕೆ ಗೊತ್ತಿಲ್ಲೆ."

ದೇಚಕ್ಕ ಚಿಕ್ಕಮ್ಮ ಚೇರಂಬಾಣೆಯವರು. ಮೂವತ್ತು ವರ್ಷ ಎಲೆಯಡಿಕೆ, ಹೊಗೆಸೊಪ್ಪು. ಮಳೆಗಾಲಕ್ಕೆ ಮೊದಲು ನಾಲಿಗೆಯ ಅಂಚಿನಲ್ಲಿ ಎದ್ದ ಹುಣ್ಣು ಮಾಯಲಿಲ್ಲ. ಕ್ಯಾನ್ಸರ್ ಎಂದು ಗೊತ್ತಾಯಿತು. ನಮ್ಮ ಪುಟ್ಟ ಕೊಡಗು ರಾಜ್ಯಕ್ಕೆ ಸ್ವಂತ ಅಸೆಂಬ್ಲಿ ಇದೆ, ಮಂತ್ರಿಗಳಿದ್ದಾರೆ. ಗಡ್ಡೆ ಸುಡುವ ಎಕ್ಸ್‌ರೇ ಯಂತ್ರ ಇಲ್ಲ. ಹಾಗಾಗಿ ಮದ್ರಾಸು. ಜೊತೆಗೆ ನಾನು. ಚಿಕ್ಕಮ್ಮನ ಸೀರೆ ಗಂಟಿನಲ್ಲಿ, ಅಂದಿನವರೆಗೆ ನನಗೂ ಕಾಣದಂತೆ, ಬೆಲ್ಲ ಹಾಕಿ ಬತ್ತಿಸಿದ ಮದ್ದುಸೊಪ್ಪಿನ ರಸದ ಬಾಟಲಿ. ದಿನವೂ ಎಕ್ಸ್‌ರೇಗೆ ಮೊದಲು ಎರಡು ಚಮಚ.

ಹೇಳಲೋ ಬೇಡವೋ? ಹೇಳಿದೆ. ಇಲ್ಲದ ರಕ್ತವನ್ನು ಹುಡುಕುತ್ತಾ ಅವರು ಚಿಕಿತ್ಸೆ ನಿಲ್ಲಿಸಿ ಕೂತರೆ ಗಡ್ಡೆ ಕಾಯುತ್ತದೆಯೇ?

ಡಾಕ್ಟರಮ್ಮ ಮೈಸೂರಿನವರು, ನಲವತ್ತರ ಆಸುಪಾಸು. ಬೈಯುತ್ತಾರೆ ಅಂದುಕೊಂಡೆ. ಅವರು ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತರು. ಬಾಟಲಿಯ ಮುಚ್ಚಳ ತೆಗೆದು ಮೂಸಿದರು. ಎಷ್ಟು ಕುಡಿದಿರಿ, ಎಷ್ಟು ದಿನದಿಂದ, ಯಾವ ಹೊತ್ತಿಗೆ, ಎಲ್ಲ ಬರೆದುಕೊಂಡರು.

ಚಿಕ್ಕಮ್ಮನಿಗೆ ಧೈರ್ಯ ಬಂತು. "ಪಕ್ಕದ ಮಂಚದವರ ಬಾಯಿ ನೋಡಿ. ಎಕ್ಸ್‌ರೇಲಿ ಬೆಂದು ಹೋಗಿಟ್ಟು. ನನ್ನ ಬಾಯಿ ನೋಡಿ. ಬೊಕ್ಕೆಯೇ ಇಲ್ಲೆ. ಸೊಪ್ಪು ಕಾಯ್ತಾ ಉಟ್ಟು."

"ಕಾಯ್ತಾ ಇರಬಹುದು," ಅಂದರು ಡಾಕ್ಟರಮ್ಮ. "ಆದರೆ ಅಮ್ಮ, ಬಾಯಿಯನ್ನು ಕಾಯುವ ಸೊಪ್ಪು ಗಡ್ಡೆಯನ್ನೂ ಕಾಯ್ತಾ ಇದ್ದರೆ?"

  ಗೋಣಿಕೊಪ್ಪಲಿನ ಹೈಸ್ಕೂಲಿನಲ್ಲಿ ಇಷ್ಟು ವರ್ಷ ವಿಜ್ಞಾನ ಪಾಠ ಮಾಡಿದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

ಚಿಕ್ಕಮ್ಮ ಬಾಟಲಿಯನ್ನು ತಾವೇ ಮುಂದೆ ನೂಕಿದರು. "ತಗೊಳ್ಳಿ. ಸುಮ್ನೆ ಚೆಲ್ಲುದು ಬೇಡ. ಪರೀಕ್ಷೆ ಮಾಡಿ. ಏನಂತ ನಂಗೂ ಹೇಳಿ."

ಡಾಕ್ಟರಮ್ಮನ ಕಣ್ಣು ಮಿನುಗಿದ್ದು ಆಗ. ಬೆಲ್ಲ ಬೆರೆತ ರಸ ಬೇಡ, ಹಸಿ ಸೊಪ್ಪೇ ಬೇಕು ಅಂದರು. ಅದೇ ಸಂಜೆ ನಾನು ಮೈಸೂರಿಗೆ ಟ್ರೈನ್ ಹತ್ತಿದೆ, ಅಲ್ಲಿಂದ ಕೊಡಗಿಗೆ ಬಸ್ಸು.

ಬಿಟ್ಟಂಗಾಲದಲ್ಲಿ ಗೆಳೆಯ ಮಾಚಯ್ಯನ ಎಸ್ಟೇಟಿನ ಬೇಲಿಯುದ್ದಕ್ಕೂ ಮದ್ದುಸೊಪ್ಪು. ವಿಷಯ ಕೇಳಿ ಮಾಚಯ್ಯ ಕೈ ಕಟ್ಟಿ ನಿಂತ.

"ಹದಿನೆಂಟು ಕಳೆದು ಮೂರು ವಾರ ಆಯ್ತಲ್ಲ ಮಾರಾಯ. ಈಗ ಸೊಪ್ಪಲ್ಲಿ ಏನುಂಟು? ಪರಿಮಳವೇ ಹೋಗಿದೆ."

"ಅದನ್ನೂ ನೋಡೋಣ," ಅಂದೆ.

"ಹಾಗಾದರೆ ಒಳ್ಳೇ ಎಲೆ ಆರಿಸು. ಮದ್ರಾಸಲ್ಲಿ ನಮ್ಮ ಮರ್ಯಾದೆ ಹೋಗಬಾರದು." ಅಷ್ಟಕ್ಕೇ ಬಿಡದೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನೂ ಕರೆದು ಬೇಲಿಗೆ ಇಳಿಸಿದ. ಮೂವರೂ ನೆನೆಯುತ್ತಾ ಕಿತ್ತೆವು. ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಮತ್ತೆ ಬಸ್ಸು, ಮತ್ತೆ ಟ್ರೈನ್.

ಲ್ಯಾಬಿನಲ್ಲಿ ನಾಲ್ಕು ತಟ್ಟೆ. ಎಲ್ಲದರಲ್ಲೂ ಮೊಳಕೆ ಬಂದ ಹೆಸರುಕಾಳು. ಎರಡಕ್ಕೆ ಬರೀ ನೀರು, ಎರಡಕ್ಕೆ ಸೊಪ್ಪಿನ ರಸ. ನೀರಿನದೊಂದು, ರಸದ್ದೊಂದು ಎಕ್ಸ್‌ರೇ ಯಂತ್ರದ ಕೆಳಗೆ ಹೋದವು. ಉಳಿದೆರಡು ಹೋಗಲಿಲ್ಲ. ಬೇರು ಅಳೆಯುವ ಕೆಲಸ ನನ್ನದು. ಆದರೆ ಯಾವ ತಟ್ಟೆ ಯಾವುದೆಂದು ನನಗೆ ಹೇಳಲಿಲ್ಲ. ಚೀಟಿ ಲಕೋಟೆಯೊಳಗೆ.

"ನಿಮಗೆ ಗೊತ್ತಿದ್ದರೆ ಸ್ಕೇಲು ನಿಮ್ಮೂರಿನ ಕಡೆಗೇ ವಾಲುತ್ತದೆ," ಅಂದರು ಡಾಕ್ಟರಮ್ಮ. (ಮಾಚಯ್ಯನ ಮರ್ಯಾದೆಯ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ.)

ಆ ನಾಲ್ಕು ದಿನ ನನಗೆ ಊಟ ರುಚಿಸಲಿಲ್ಲ. ಎರಡು ತಟ್ಟೆಯಲ್ಲಿ ಬೇರು ಸೊಗಸಾಗಿ ಇಳಿದಿತ್ತು. ಒಂದರಲ್ಲಿ ಮುರುಟಿತ್ತು. ನಾಲ್ಕನೆಯದು ನಡುವೆ, ಮುರುಟಿದ್ದಕ್ಕಿಂತ ಎದ್ದು ಕಾಣುವಷ್ಟು ಉದ್ದ. ಲಕೋಟೆ ಒಡೆದರು. ನಾಲ್ಕನೆಯದೇ ಸೊಪ್ಪು ಕುಡಿದು ಎಕ್ಸ್‌ರೇ ತಿಂದ ತಟ್ಟೆ.

ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ಡಾಕ್ಟರಮ್ಮನೂ ನಕ್ಕರು, ಆದರೆ ಕೈ ಅಡ್ಡ ಹಿಡಿದರು. ಮತ್ತೊಮ್ಮೆ ಮಾಡಿದರು. ಎರಡನೇ ಸಲವೂ ವ್ಯತ್ಯಾಸ ಕಂಡಿತು, ಸ್ವಲ್ಪ ಕಡಿಮೆ.

ಈ ನಡುವೆ ಚಿಕ್ಕಮ್ಮನ ಎಕ್ಸ್‌ರೇ ಸೊಪ್ಪಿಲ್ಲದೆ ನಡೆದಿತ್ತು. ಬಾಯಿ ತುಂಬ ಬೊಕ್ಕೆ. ಗಂಜಿ ನುಂಗಲೂ ಕಣ್ಣಲ್ಲಿ ನೀರು. ಸುದ್ದಿ ಹೇಳಿದಾಗ ಕಷ್ಟಪಟ್ಟು ಬಾಯಿ ಬಿಟ್ಟರು.

"ಹಂಗಾರೆ ಸೊಪ್ಪಿಗೆ ಶಕ್ತಿ ಉಟ್ಟು."

"ಇರಬಹುದು," ಅಂದರು ಡಾಕ್ಟರಮ್ಮ. "ಅದಕ್ಕೇ ನನಗೆ ಭಯ. ಹೆಸರುಕಾಳು ಮನುಷ್ಯ ಅಲ್ಲ. ಇನ್ನು ಇಲಿಗಳ ಮೇಲೆ ನೋಡಬೇಕು, ಗಡ್ಡೆ ಇರುವ ಇಲಿಗಳ ಮೇಲೂ ನೋಡಬೇಕು. ಅಲ್ಲಿಯವರೆಗೆ ಒಂದು ಹನಿಯೂ ಬೇಡ."

ಚಿಕ್ಕಮ್ಮ ತಲೆಯಾಡಿಸಿದರು. ಎಂಥ ಹೆಂಗಸು ನೋಡಿ. ತಮ್ಮ ಮದ್ದು ಗೆದ್ದಿತು ಎಂಬ ಖುಷಿಯಲ್ಲೇ ಆ ಮದ್ದನ್ನು ಬಿಟ್ಟರು, ಉರಿಯನ್ನು ನುಂಗಿಕೊಂಡು ಕೊನೆಯ ದಿನದವರೆಗೂ ಯಂತ್ರದ ಕೆಳಗೆ ಮಲಗಿದರು.

ಹೋದ ವಾರ ಊರಿಗೆ ಬಂದೆವು. ನಾಲಿಗೆಯ ಹುಣ್ಣು ಮುಚ್ಚಿದೆ. ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಹೊಗೆಸೊಪ್ಪು ಇನ್ನು ಮುಟ್ಟುವ ಹಾಗಿಲ್ಲ. ನೋಡಲು ಬಂದವರೆಲ್ಲ, "ಮದ್ದುಸೊಪ್ಪೇ ಗುಣ ಮಾಡಿದ್ದು ಅಲ್ವಾ ದೇಚಕ್ಕ?" ಎಂದು ಕೇಳುತ್ತಾರೆ. ಚಿಕ್ಕಮ್ಮ ಪ್ರತಿಯೊಬ್ಬರಿಗೂ ನಾಲ್ಕು ತಟ್ಟೆಯ ಕಥೆಯನ್ನು ಮೊದಲಿನಿಂದ ಹೇಳುತ್ತಾರೆ. ಕೆಲವರಿಗೆ ಬೇಸರವಾಗುತ್ತದೆ. ಅವರಿಗೆ ಬೇಕಾದದ್ದು ಹೌದು ಎಂಬ ಒಂದೇ ಮಾತು.

ನಮ್ಮ ಸೊಪ್ಪಿನಲ್ಲಿ ಶಕ್ತಿ ಇದೆ ಎಂದು ಎದೆ ತಟ್ಟಿಕೊಳ್ಳುವ ನಾವು, ಆ ಶಕ್ತಿ ರೋಗಿಯ ಕಡೆಗೋ ರೋಗದ ಕಡೆಗೋ ಎಂದು ಕೇಳಲು ಯಾಕೆ ಹೆದರಬೇಕು?