ಎಳೆ ಹರಿದರೂ ಹೋಗು

ಮೂಲೆಮನೆ ಅತ್ತೆಗೆ ಎಡಗಡೆಯ ಹುಬ್ಬು ಅರ್ಧಕ್ಕೇ ನಿಂತುಹೋಗಿತ್ತು. ಚಿಕ್ಕಂದಿನಲ್ಲಿ ನೂಲಿಗೆ ಹಚ್ಚುವ ಗಂಜಿ ಕುದಿಯುತ್ತಿದ್ದಾಗ ಬಗ್ಗಿ ನೋಡಲು ಹೋಗಿ ಮುಖಕ್ಕೆ ಸಿಡಿಸಿಕೊಂಡಿದ್ದರಂತೆ. ಉಳಿದ ಅರ್ಧ ಹುಬ್ಬು ಸದಾ ಮೇಲೆದ್ದೇ ಇರುತ್ತಿತ್ತು. ಎದುರು ಕೂತವರು ಏನು ಹೇಳಿದರೂ ಅತ್ತೆ ನಂಬುತ್ತಿಲ್ಲ ಅನ್ನಿಸುತ್ತಿತ್ತು. ಅವರು ನಂಬುತ್ತಲೂ ಇರಲಿಲ್ಲ ಅನ್ನಿ.

ನಮಗೆ ಅವರು ರಕ್ತಸಂಬಂಧಿಯಲ್ಲ. ಕೊಯಮತ್ತೂರಿನ ಹತ್ತಿರದ ಪೆರಿಯನಾಯಕನಪಾಳ್ಯದ ನಮ್ಮ ನೇಕಾರರ ಬೀದಿಯಲ್ಲಿ ನನ್ನ ದೊಡ್ಡಪ್ಪನನ್ನು ಅಣ್ಣಾ ಎಂದು ಕರೆಯುತ್ತಿದ್ದರು, ಹಾಗಾಗಿ ನನಗೆ ಅತ್ತೆ. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಹಗಲು ಶಾಲೆಯಲ್ಲಿ ಲೆಕ್ಕದ ಟೀಚರು, ಸಂಜೆ ತಮ್ಮ ಜಗಲಿಯ ಮೇಲೆ ಬ್ಯಾಂಕ್ ಪರೀಕ್ಷೆಗೆ ಕೂರುವವರಿಗೆ ಪಾಠ. ಎಂಬತ್ತರ ದಶಕದ ಆ ವರ್ಷಗಳಲ್ಲಿ ಡಿಗ್ರಿ ಮುಗಿಸಿದವರೆಲ್ಲ ಆ ಪರೀಕ್ಷೆಯ ಹಿಂದೆ ಬಿದ್ದಿದ್ದರು. ಅದರಲ್ಲಿ ರೀಸನಿಂಗ್ ಎಂಬ ಒಂದು ಭಾಗ. ಯಾರದೋ ಒಂದು ವಾದ ಕೊಟ್ಟು, ಕೆಳಗಿನ ಯಾವ ಸಂಗತಿ ಇದಕ್ಕೆ ಬಲ ಕೊಡುತ್ತದೆ, ಯಾವುದು ಇದನ್ನು ಸಡಿಲ ಮಾಡುತ್ತದೆ ಎಂದು ಕೇಳುತ್ತಿದ್ದರು. ಪ್ರಶ್ನೆ ಇಂಗ್ಲಿಷಿನಲ್ಲಿ, ಅತ್ತೆಯ ವಿವರಣೆ ತಮಿಳಿನಲ್ಲಿ, ಬೈಗುಳ ಮಾತ್ರ ನಮ್ಮ ಮನೆಗನ್ನಡದಲ್ಲಿ. ಆ ಕನ್ನಡವನ್ನು ಬರೆಯಲು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಅಕ್ಷರ ಕಲಿತದ್ದೇ ಆಮೇಲೆ, ಕೆಲಸದ ಮೇಲೆ ಮೈಸೂರು ಕಡೆ ಹೋದಾಗ.

ಪುಸ್ತಕದ ಉದಾಹರಣೆಗಳು ಅತ್ತೆಗೆ ಹಿಡಿಸುತ್ತಿರಲಿಲ್ಲ. "ಮಿಲ್ ಸೈರನ್ ಕೂಗಿದ ಮೇಲೆ ಟೀ ಅಂಗಡಿ ತುಂಬ್ತದೆ. ಆದ್ದರಿಂದ ಸೈರನ್ ಕೇಳಿದ್ರೆ ಜನಕ್ಕೆ ಬಾಯಾರಿಕೆ ಆಗ್ತದೆ. ಸಡಿಲ ಮಾಡಿ ನೋಡಾಣ," ಎಂದು ಒಮ್ಮೆ ಕೇಳಿದರು. ನಾನು ಮುಂದೆ ಬಿದ್ದು, ಆ ಅಂಗಡಿ ಟೀ ಕುಡಿಯೋಕಾಗಲ್ಲ ಅಂದೆ. ಜಗಲಿ ಪೂರ್ತಿ ನಕ್ಕಿತು. ಹುಡುಗಿಯರನ್ನೆಲ್ಲ ಅತ್ತೆ ಅಮ್ಮಿಣಿ ಎಂದೇ ಕರೆಯುತ್ತಿದ್ದರು. "ಬೈದೆ ಅಷ್ಟೇ, ಸಡಿಲ ಮಾಡ್ಲಿಲ್ಲ ಅಮ್ಮಿಣಿ. ಮಿಲ್ ರಜಾ ದಿನ ಸೈರನ್ ಕೂಗಿ, ಅಂಗಡಿ ಖಾಲಿ ಇದ್ರೆ? ಅದು ಸಡಿಲ ಮಾಡೋದು. ಬಾಯಾರಿಕೆ ತರೋದು ಸದ್ದಲ್ಲ, ಶಿಫ್ಟು."

ಅವರದೊಂದು ಕಟ್ಟಳೆ ಇತ್ತು. ಯಾವ ವಾದವನ್ನೂ ನೇರವಾಗಿ ಕೆಡವುವ ಹಾಗಿಲ್ಲ. ಮೊದಲು ಅದು ನಮ್ಮದೇ ಅಂದುಕೊಂಡು ಅದಕ್ಕೆ ಬಲ ಕೊಡುವ ಒಂದು ಸಂಗತಿ ಹೇಳಬೇಕು, ಆಮೇಲೆ ಸಡಿಲಿಸಬೇಕು. "ಎದುರಿರೋರ ಮಾತಲ್ಲಿ ಗಟ್ಟಿ ಇರೋದನ್ನ ಒಪ್ಪದೇ ಹೋದ್ರೆ ಅದು ವಾದ ಅಲ್ಲ, ಸಂಡೆ," ಅನ್ನುತ್ತಿದ್ದರು. ಸಂಡೆ ಅಂದರೆ ನಮ್ಮ ಕಡೆ ಜಗಳ. ಹಾಗಂತ ಅತ್ತೆಗೆ ಜಗಳ ಬರುತ್ತಿರಲಿಲ್ಲ ಅಂದುಕೊಳ್ಳಬೇಡಿ.

ನಾನು ಅರ್ಜಿ ಹಾಕಿದ್ದು ದೊಡ್ಡಪ್ಪನಿಗೆ ಸೇರಲಿಲ್ಲ. ಮನೆಗೆ ಹಿರಿಯರು ಅವರೇ. ಅಪ್ಪ ಅವರೆದುರು ತುಟಿ ಬಿಚ್ಚಿದವರಲ್ಲ. ಬ್ಯಾಂಕು ಎಲ್ಲೆಲ್ಲಿಗೋ ಹಾಕುತ್ತದೆ, ಹೆಣ್ಣುಮಗಳು ಒಬ್ಬಳೇ ಎಲ್ಲಿರುತ್ತಾಳೆ ಎಂಬುದು ಅವರ ಭಯ. ಆದರೆ ಆ ಭಯವನ್ನು ಬಾಯಿಬಿಟ್ಟು ಹೇಳಲಿಲ್ಲ. ಪರೀಕ್ಷೆ ಕೊಯಮತ್ತೂರಿನಲ್ಲಿ, ಭಾನುವಾರ ಎಂದು ತಿಳಿದ ಕೂಡಲೇ, "ಅವತ್ತೇ ನಮ್ ಪಾವು," ಎಂದು ಎದ್ದುಹೋದರು.

ಪಾವು ಅಂದರೆ ಮಗ್ಗಕ್ಕೆ ಏರಿಸುವ ಮೊದಲು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸುವ ನೂಲಿನ ಹಾಸು. ಸೊಂಟದೆತ್ತರದ ಬಿದಿರುಗಾಲುಗಳ ಮೇಲೆ ನಿಲ್ಲುತ್ತದೆ. ನಮ್ಮ ಬೀದಿಯ ಎರಡು ತುದಿಯಲ್ಲೂ ಗೋಡೆ, ಹೊರಗೆ ಹೋಗುವ ಸಂದು ಇದ್ದದ್ದು ಎದುರುಸಾಲಿನಲ್ಲಿ, ಅತ್ತೆಯ ಮನೆಯ ಪಕ್ಕ. ಪಾವು ಕಟ್ಟಿದರೆ ನಮ್ಮ ಸಾಲಿನವರಿಗೆ ಹಾದಿ ಮುಚ್ಚಿದಂತೆಯೇ. ಗಂಡಸರು ಬಗ್ಗಿ ನುಸುಳುತ್ತಿದ್ದರು. ಹೆಂಗಸರು ದಾಟುವಂತಿಲ್ಲ, ದಾಟಿದರೆ ಎಳೆ ಹರಿಯುತ್ತದೆ ಎಂದು ನಂಬಿಕೆ. ಗಂಡನಿಲ್ಲದ ಅತ್ತೆಯಂತೂ ಪಾವಿನ ದಿನ ಬಾಗಿಲು ತೆರೆಯುವುದೂ ಬೇಡ ಎಂದು ಬೀದಿಯವರು ಅನ್ನುತ್ತಿದ್ದರು.

ಭಾನುವಾರ ಬೆಳಗ್ಗೆ ನಾನು ಸೀರೆ ಉಟ್ಟು ಹೊಸ್ತಿಲಿಗೆ ಬರುವಷ್ಟರಲ್ಲಿ ಪಾವು ನಿಂತಿತ್ತು. ದೊಡ್ಡಪ್ಪ ಗಂಜಿ ಹಚ್ಚುವುದನ್ನು ನಿಲ್ಲಿಸಿದರು. ಮುದ್ದಿಗೆ ಅವರು ನನ್ನನ್ನು ಕರೆಯುತ್ತಿದ್ದದ್ದು ಕಣ್ಣು ಎಂದು.

"ಒಳಗೆ ಹೋಗು ಕಣ್ಣು. ಆಡಿ ಮಾಸದಲ್ಲಿ ನಿನ್ ಚಿಕ್ಕಮ್ಮ ದಾಟಿ ಎಳೆ ಹರೀಲಿಲ್ವಾ?"

ನಾನು ಅತ್ತೆಯ ಕಟ್ಟಳೆ ಮರೆಯಲಿಲ್ಲ. "ಹರೀತು ದೊಡ್ಡಪ್ಪ, ನಾನೇ ಕಂಡಿದ್ದೀನಿ. ಆದ್ರೆ ಯಾರೂ ದಾಟದ ದಿನವೂ ಹರೀತದಲ್ಲ? ಗಂಜಿ ತೆಳುವಾದ್ರೆ ಹರೀತದೆ, ಬಿಸಿಲು ಏರಿದ್ರೆ ಹರೀತದೆ. ಹೆಂಟೆಕೋಳಿ ದಿನಾ ನುಸುಳ್ತದೆ, ಅದನ್ನ ಯಾರೂ ಕೇಳಲ್ಲ."

"ನಂಗೇ ಪಾಠ ಹೇಳ್ತೀಯಾ?"

ಆಗ ಎದುರು ಬಾಗಿಲು ತೆರೆಯಿತು. ಅತ್ತೆ ಮೆಟ್ಟಿಲಿಳಿದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೋಯುವ ಮಂಡಿಯನ್ನು ಕೈಯಿಂದ ಒತ್ತಿಕೊಂಡು ಪಾವಿನಡಿ ಬಗ್ಗಿದರು. ನಮ್ಮ ಕಡೆ ಎದ್ದು ನಿಂತು ಬೆನ್ನು ನೆಟ್ಟಗೆ ಮಾಡಿಕೊಂಡರು.

"ಒಂದು ಎಳೆನೂ ಹರೀಲಿಲ್ಲ, ನೋಡ್ಕೊಳ್ಳಿ ಅಣ್ಣಾ. ಆದ್ರೆ ಒಂದ್ ಸಲದಲ್ಲಿ ಏನೂ ಗೊತ್ತಾಗಲ್ಲ. ಇವಳೂ ದಾಟ್ಲಿ."

ನಾನು ಬಗ್ಗಿದೆ. ಮೈ ತಾಗದಂತೆ ತೆವಳುವವಳ ಹಾಗೆ ಆಚೆಗೆ ಹೋದೆ. ತಲೆ ಎತ್ತುವುದಕ್ಕೂ ಎಳೆಯೊಂದು ಹರಿದು ಅದರ ತುದಿ ನನ್ನ ಹೆಗಲ ಮೇಲೆ ಬೀಳುವುದಕ್ಕೂ ಸರಿಹೋಯಿತು. ನನ್ನ ಜಡೆ ತಾಗಿತೋ, ಗಂಜಿ ಸಾಲಲಿಲ್ಲವೋ, ಇವತ್ತಿಗೂ ತಿಳಿಯದು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಕಂಡ್ಯಾ ತಂಗಚ್ಚಿ?" ಅಂದರು ದೊಡ್ಡಪ್ಪ. ಗೆದ್ದವರ ಗೆಲುವು ಆ ದನಿಯಲ್ಲಿರಲಿಲ್ಲ, ಅವರೂ ಹೆದರಿದ್ದರು.

"ಕಂಡೆ ಅಣ್ಣಾ. ನಿಮ್ಮ ಮಾತಿಗೆ ಬಲ ಬಂತು, ಇಲ್ಲ ಅನ್ನಲ್ಲ." ಅತ್ತೆ ನನ್ನ ಕಡೆ ತಿರುಗಿದರು. "ಬಲ ಬಂದ್ರೆ ನಿಜ ಆಯ್ತು ಅಂತಲ್ಲ ಅಮ್ಮಿಣಿ. ಏನ್ ನಿಂತಿದ್ದೀಯ? ಬಸ್ ಹಿಡಿ, ಹೋಗು!"

ಹಾಗಂದವರೇ ನೆಲದ ಮೇಲೆ ಕೂತು ಹರಿದ ಎಳೆಗೆ ಕೈ ಹಾಕಿದರು. ಗಂಡನಿಲ್ಲದವಳ ಕೈ ಪಾವಿನ ಮೇಲೆ! ನಾನು ಸಂದು ತಿರುಗುವ ಮುನ್ನ ಒಮ್ಮೆ ಹಿಂದೆ ನೋಡಿದೆ. ಜನ್ಮದಲ್ಲಿ ಅಣ್ಣನ ಮಾತು ಮೀರದ ನನ್ನ ಅಪ್ಪ ಅತ್ತೆಯ ಎದುರು ಕೂತು ಇನ್ನೊಂದು ತುದಿ ಹುಡುಕಿ ಕೊಡುತ್ತಿದ್ದರು.

ಆ ಪರೀಕ್ಷೆಯಲ್ಲಿ ನಾನು ಪಾಸಾಗಲಿಲ್ಲ. ಎಳೆ ಹರಿದದ್ದು ಸುಮ್ಮನಲ್ಲ ಎಂದು ಬೀದಿ ಮಾತಾಡಿತು. ನಾನು ಅಳುತ್ತಾ ಜಗಲಿಗೆ ಹೋದರೆ ಅತ್ತೆ ಕನಿಕರ ತೋರಿಸಲಿಲ್ಲ. "ನಿನ್ ದೊಡ್ಡಪ್ಪನ ಮಾತಿಗೆ ಇನ್ನೊಂದು ಬಲ ಕೊಟ್ಟೆ, ಅಷ್ಟೇ. ಮುಂದಿನ ಪ್ರಶ್ನೆ ಓದು." ಎಷ್ಟು ಸಿಟ್ಟು ಬಂತೆಂದರೆ, ಆ ಸಿಟ್ಟಿಗೇ ಓದಿದೆ. ಮುಂದಿನ ಸಲ ಪಾಸಾದೆ. ಕೆಲಸಕ್ಕೆ ಹೊರಟ ದಿನ ಬಸ್ ಸ್ಟಾಂಡಿಗೆ ನನ್ನ ಪೆಟ್ಟಿಗೆ ಹೊತ್ತು ತಂದವರು ದೊಡ್ಡಪ್ಪ. ಪಾವಿನ ವಿಷಯದಲ್ಲಿ ಅವರು ಕೊನೆಯವರೆಗೂ ತಮ್ಮ ಮಾತು ಬಿಡಲಿಲ್ಲ. ಬಿಡಲಿ ಎಂದು ನಾನೂ ಕಾಯಲಿಲ್ಲ.

ಗೆಲ್ಲುವುದನ್ನು ಅತ್ತೆ ನನಗೆ ಕಲಿಸಲಿಲ್ಲ. ಎದುರಿನವರ ಮಾತು ಗಟ್ಟಿಯಾಗಿದ್ದಾಗಲೂ ಕಾಲು ಮುಂದಿಡುವುದನ್ನು ಕಲಿಸಿದರು. ಆ ಋಣ ತೀರುವುದಲ್ಲ.

ದಶಕ ಮುಗಿಯುವ ಮೊದಲೇ ಅವರು ಹೋಗಿಬಿಟ್ಟರು. ನಾನು ಊರು ಮುಟ್ಟುವಾಗ ಗಂಡಸರು ಅವರನ್ನು ಎತ್ತಿಕೊಂಡು ಸಂದು ದಾಟುತ್ತಿದ್ದರು. ಹೆಂಗಸರೆಲ್ಲ ಬಾಗಿಲಲ್ಲೇ ನಿಂತರು, ನಮ್ಮಲ್ಲಿ ಹೆಂಗಸರು ಮಸಣಕ್ಕೆ ಹೋಗುವುದಿಲ್ಲ. ನಾನು ಗಂಡಸರ ಹಿಂದೆ ನಡೆದೆ. ದೊಡ್ಡಪ್ಪ ತಿರುಗಿ ನೋಡಿ, "ಬೇಡ ಕಣ್ಣು, ಹೀಗೆ ಮಸಣಕ್ಕೆ ಬಂದ ಹೆಂಗಸರಿಗೆ ಒಳ್ಳೇದಾಗ್ಲಿಲ್ಲ," ಅಂದರು.

"ಆಗ್ಲಿಲ್ಲ ದೊಡ್ಡಪ್ಪ, ನಿಜ," ಅನ್ನುತ್ತಲೇ ಕಾಲು ಮುಂದಿಟ್ಟೆ.

ಅವರು ಪಕ್ಕಕ್ಕೆ ಸರಿದರು. ಎಲ್ಲರ ಜೊತೆ ನಾನೂ ಅತ್ತೆಗೆ ಒಂದು ಹಿಡಿ ಮಣ್ಣು ಹಾಕಿ ಬಂದೆ.