ಚಿಕ್ಕವ್ವ ಕೊಟ್ಟ ಬಡ್ತಿಗಳು

ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಗೆ ಒಂದು ವಾಸನೆಯಿದೆ. ಹಬ್ಬದ ಹಿಂದಿನ ದಿನ ಯಾರದೇ ಮನೆಯ ಹಿತ್ತಲಿಗೆ ಹೋದರೂ ಮೂಗಿಗೆ ಬಡಿಯುತ್ತದಲ್ಲ, ಅದು. ಮೊನ್ನೆ ಭಾನುವಾರ ಮಾರಂಡಹಳ್ಳಿ ಪಕ್ಕದ ನಮ್ಮೂರಿಗೆ ಹೋದಾಗ ಚಿಕ್ಕಪ್ಪನ ಜಗಲಿಯಿಂದ ಆ ವಾಸನೆ ಬಂತು. ಹತ್ತಿರದಲ್ಲಿ ಹಬ್ಬ ಯಾವುದೂ ಇರಲಿಲ್ಲ. ಚಿಕ್ಕಪ್ಪನ ಅಳಿಯ ರಂಗಸಾಮಿ ಖಾಕಿ ಅಂಗಿಯನ್ನು ಮಂಡಿಯ ಮೇಲೆ ಹರವಿಕೊಂಡು ಗುಂಡಿಗಳನ್ನು ಉಜ್ಜುತ್ತ ಕೂತಿದ್ದ. ಹೋದ ವರ್ಷ ಸೈನ್ಯ ಸೇರಿದವನು, ರಜೆಗೆ ಬಂದಿದ್ದ. ಅಷ್ಟರಲ್ಲಿ ಬಿಳಿಯರ ದೇಶದಲ್ಲಿ ಮತ್ತೆ ಯುದ್ಧ ಹತ್ತಿಕೊಂಡು, ರಜೆ ಮೊಟಕಾಗಿ, ಮಾರನೆಯ ದಿನವೇ ಹೊರಡಬೇಕಾಗಿತ್ತು.

ಒಳಗಿನಿಂದ ಅವನ ಹೆಂಡತಿ, ನನ್ನ ತಂಗಿ ಮಾದೇವಿ, ಕೂಗಿದಳು: "ಸಿಪಾಯೀ, ನೀರು ಕಾದೈತೆ, ಬನ್ನಿ."

ನನಗೆ ನಗು ಬಂತು. "ಏನಮ್ಮಾ, ಗಂಡನ ಮೇಲೆ ಕೋಪವೋ?" ಎಂದೆ. ನಾನು ಯಾಕೆ ನಕ್ಕೆ ಎಂಬುದು ನಿಮಗೆ ತಿಳಿಯಬೇಕಾದರೆ ಅವಳ ತಾಯಿಯ, ಅಂದರೆ ನಮ್ಮ ಚಿಕ್ಕವ್ವನ, ಕತೆ ಕೇಳಬೇಕು. ಮೊದಲೇ ಹೇಳಿಬಿಡುತ್ತೇನೆ: ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ನಾನು ಹೇಳಲಿರುವ ಆ ದೊಡ್ಡ ದಿನದ ಪುಟದಲ್ಲಿ "ಕೋಳಿ ಸಾರು ಚೆನ್ನಾಗಿತ್ತು, ಉಪ್ಪು ಸ್ವಲ್ಪ ಮುಂದು" ಎಂದಷ್ಟೇ ಇದೆ. ಮದರಾಸಿಗೆ ಹೋಗಿ ಬಿ.ಎ. ಓದಿದವನ ದೃಷ್ಟಿ ಅಷ್ಟು ಸೂಕ್ಷ್ಮ.

ಚಿಕ್ಕಪ್ಪ ಹಿಂದಿನ ಯುದ್ಧದಲ್ಲಿ ಬಸ್ರಾಕ್ಕೆ ಹೋಗಿ, ತೋಳಿನ ಮೇಲೆ ಒಂದೇ ಒಂದು ಪಟ್ಟಿ ಹೊತ್ತು ತಿರುಗಿ ಬಂದವರು. ಒಂದು ಪಟ್ಟಿ ಎಂದರೆ ಲ್ಯಾನ್ಸ್ ನಾಯಕ್. ಸಿಪಾಯಿಗಿಂತ ಒಂದು ಮೆಟ್ಟಿಲು ಮೇಲೆ, ಉಳಿದ ಎಲ್ಲರಿಗಿಂತ ಕೆಳಗೆ. ಆ ಒಂದು ಮೆಟ್ಟಿಲಿನ ಮೇಲೆ ಚಿಕ್ಕಪ್ಪ ಗೋಪುರದ ಮೇಲೆ ನಿಂತವರಂತೆ ನಿಂತಿದ್ದರು. ಅಣ್ಣಾ ಎಂದರೆ ಓಗೊಡರು, ಮಾವಾ ಎಂದರೆ ತಿರುಗಿ ನೋಡರು. ನಮ್ಮೂರಿನಲ್ಲಿ ದಾರಿಹೋಕನಿಗೂ ಒಂದು ನಂಟು ಕಟ್ಟಿ ಕರೆಯುವ ಜನ. ಇಲ್ಲಿ ಬಂದು ಒಬ್ಬ ಮನುಷ್ಯ ತನ್ನನ್ನು ಹುದ್ದೆಯಿಂದಲೇ ಕರೆಯಿರಿ ಎಂದರೆ ಪಾಪ, ಅವರು ಏನು ಮಾಡಬೇಕು? ನಾನೊಂದು ರಾಜಿ ಮಾಡಿಕೊಂಡಿದ್ದೆ. "ಲ್ಯಾನ್ಸ್ ನಾಯಕ್ ಚಿಕ್ಕಪ್ಪ" ಎನ್ನುತ್ತಿದ್ದೆ. ಅರ್ಧ ಮಾತ್ರ ಕೇಳಿಸಿದವರಂತೆ ಅರ್ಧ ತಿರುಗುತ್ತಿದ್ದರು.

ಜಗಲಿಯಲ್ಲಿ ಪಾಠವೂ ಆಗುತ್ತಿತ್ತು. ಎರಡು ಪಟ್ಟಿಯಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಭುಜಕ್ಕೆ ನಕ್ಷತ್ರ ಬಂದರೆ ಜಮಾದಾರ್, ಅದರ ಮೇಲೆ ಸುಬೇದಾರ್. ಇವರಿಬ್ಬರನ್ನು ಕರೆಯುವಾಗ 'ಸಾಹೇಬ್' ಸೇರಿಸದಿದ್ದರೆ ತಪ್ಪು.

"ಅದ್ರ ಮೇಲೆ?" ಎಂದು ನಾನು ಒಮ್ಮೆ ಕೇಳಿದೆ.

"ಅದ್ರ ಮೇಲೆ ಸುಬೇದಾರ್ ಮೇಜರ್. ಆಮೇಲೆ ನಮ್ಮೋರಿಗೆ ದಾರಿ ಇಲ್ಲ ಕಣ್ಲಾ. ಆ ಸುಬೇದಾರ್ ಮೇಜರ್ ಸಾಹೇಬ್ರೂ, ನೆನ್ನೆ ಅಡಗಿಂದ ಇಳಿದ ಮೀಸೆ ಮೂಡದ ಬಿಳಿ ಉಡುಗನಿಗೆ ಸಲಾಂ ಒಡೀಬೇಕು."

ಇದನ್ನು ಅವರು ಸೂರ್ಯ ಮೂಡಣಕ್ಕೆ ಹುಟ್ಟುತ್ತಾನೆ ಎನ್ನುವ ಧಾಟಿಯಲ್ಲಿ ಹೇಳಿದರು. ಕಾಲೇಜಿನಲ್ಲಿ ಚರಿತ್ರೆ ಓದುತ್ತಿದ್ದ ನನಗೆ ಮೈ ಉರಿಯಿತು. ಉರಿದು ಏನು ಮಾಡಿದೆ ಎಂದು ಕೇಳಬೇಡಿ. ಆ ವರ್ಷ ಇನ್ನೂ ಪರೀಕ್ಷೆಗೇ ಕೂರದ ನನ್ನನ್ನು ಊರವರು "ಬಿ.ಎ. ಅವರೇ" ಎನ್ನುತ್ತಿದ್ದರು, ನಾನು ತಲೆದೂಗುತ್ತಿದ್ದೆ.

ಇದು ನಮ್ಮ ಕಡೆಯ ಮರ್ಯಾದೆಯ ರೀತಿ. ಯಾರನ್ನೇ ಆಗಲಿ ಇರುವುದಕ್ಕಿಂತ ಒಂದು ಗೇಣು ಏರಿಸಿ ಕರೆಯಬೇಕು. ಬರಿಯ ಪೊಲೀಸಿನವನು ಬಂದರೆ ಹೆಡ್ ಕಾನ್‌ಸ್ಟೇಬಲ್ ಎಂಬಂತೆ ತಮಿಳಿನಲ್ಲಿ "ವಾಂಗ ಏಟ್ಟಯ್ಯಾ" ಎಂದು ಬರಮಾಡಿಕೊಳ್ಳುತ್ತಾರೆ. ತಾಲ್ಲೂಕು ಕಚೇರಿಯ ಜವಾನ ಇಲ್ಲಿಗೆ ಬಂದರೆ ಗುಮಾಸ್ತ, ಗುಮಾಸ್ತ ಬಂದರೆ ತಹಸೀಲ್ದಾರ. ನಿಜವಾದ ತಹಸೀಲ್ದಾರ ಬಂದರೆ ಕರೆಯಲು ಪದವೇ ಉಳಿದಿರುವುದಿಲ್ಲವಾದ್ದರಿಂದ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ. ಹೀಗೆ ಬೀಡಿ ಅಂಗಡಿಯವನ ಬಾಯಲ್ಲಿ ಚಿಕ್ಕಪ್ಪ ಒಂದೇ ನೆಗೆತಕ್ಕೆ ಸುಬೇದಾರ್ ಆಗಿಬಿಟ್ಟಿದ್ದರು. "ನಾನು ಲ್ಯಾನ್ಸ್ ನಾಯಕ್ ಕಣಯ್ಯಾ!" ಎಂದು ಇವರು ಸಿಡುಕಿದರೆ, "ದೊಡ್ಡೋರು ಯಾವಾಗ್ಲೂ ಇಂಗೇ" ಎಂದು ಅವನು ಇನ್ನಷ್ಟು ಕೈಮುಗಿಯುತ್ತಿದ್ದ.

ಆದರೆ ಬಡ್ತಿ ಕೊಡುವ ನಿಜವಾದ ಅಧಿಕಾರ ಇದ್ದದ್ದು ಒಲೆಯ ಮುಂದೆ. ಗಂಡನ ಹೆಸರು ಹೆಂಡತಿಯ ಬಾಯಿಗೆ ಬರಬಾರದು ತಾನೇ. ಊರಿನ ಉಳಿದ ಹೆಂಗಸರು "ಇಲ್ಲಿ ನೋಡಿ", "ನಿಮ್ಮುನ್ನೇ" ಎಂದೋ, ಬಳೆ ಕುಲುಕಿಸಿಯೋ ಕೆಲಸ ಸಾಗಿಸುತ್ತಿದ್ದರು. ಚಿಕ್ಕವ್ವನಿಗೆ ಮಾತ್ರ ಸರ್ಕಾರವೇ ಒಂದು ಪದ ಕೊಟ್ಟಿತ್ತು. ಹುದ್ದೆ ಹೆಸರಲ್ಲವಲ್ಲ! ಅವಳು ಗಂಡನನ್ನು ಬೀದಿಗೆ ಕೇಳುವಂತೆ ಕರೆಯುತ್ತಿದ್ದಳು. ಸಾಮಾನ್ಯ ದಿನಗಳಲ್ಲಿ "ಲಾನ್ಸ್ ನಾಯ್ಕ್ರೇ". ಚಿಕ್ಕಪ್ಪ ಸಂತೆಯಿಂದ ಒಳ್ಳೆಯ ಬದನೆಕಾಯಿ ತಂದ ದಿನ "ಹವಾಲ್ದಾರ್ರೇ". ಎಮ್ಮೆ ಕಟ್ಟುವುದನ್ನು ಮರೆತ ದಿನ, "ಏ ಸಿಪಾಯೀ!" ಆ ಮನೆಯೊಳಗಿನ ಹವಾಮಾನ ತಿಳಿಯಲು ಯಾರೂ ಒಳಗೆ ಹೋಗಬೇಕಾಗಿರಲಿಲ್ಲ. ಊರಿಗೆಲ್ಲ ಹುದ್ದೆಯ ಶಿಸ್ತು ಕಲಿಸುತ್ತಿದ್ದ ಮನುಷ್ಯ ಮನೆಯಲ್ಲಿ ಒಂದೇ ಹೊತ್ತಿನಲ್ಲಿ ಮೂರು ಸಲ ಏರಿ ಇಳಿದರೂ ಚಕಾರ ಎತ್ತುತ್ತಿರಲಿಲ್ಲ.

ಈಗ ಆ ದೊಡ್ಡ ದಿನಕ್ಕೆ ಬರುತ್ತೇನೆ. ಮಾದೇವಿಗೆ ಕಡಯಂಪಟ್ಟಿಯಿಂದ ಸಂಬಂಧ ಬಂದಿತ್ತು. ಹುಡುಗ ಇದೇ ರಂಗಸಾಮಿ. ಹಿಂದೆ ಎರಡು ಸಂಬಂಧ ಮಾತಿನ ಹಂತದಲ್ಲೇ ಮುರಿದಿದ್ದವು. ಇದೂ ಮುರಿದರೆ ಹುಡುಗಿಯಲ್ಲೇ ಏನೋ ಐಬಿದೆ ಎಂದು ಊರು ತೀರ್ಮಾನಿಸುವುದರಲ್ಲಿತ್ತು. ಚಿಕ್ಕವ್ವ ಒಂದು ವಾರದಿಂದ ಸರಿಯಾಗಿ ಉಂಡಿರಲಿಲ್ಲ. ವೀಳ್ಯ ಬದಲಾಯಿಸುವ ಆ ದಿನ ಗಂಡಿನ ಕಡೆಯವರು ಎರಡು ಗಾಡಿಗಳಲ್ಲಿ ಬಂದರು. ಮುಂದಿನ ಗಾಡಿಯಿಂದ ಮೊದಲು ಇಳಿದದ್ದು ಒಂದು ಜೋಡಿ ಬೂಟು, ಆಮೇಲೆ ಒಂದು ಮೀಸೆ, ಕೊನೆಗೆ ಹುಡುಗನ ದೊಡ್ಡಪ್ಪ. ಅವರು ನಿವೃತ್ತ ಜಮಾದಾರ್, ನಿಜವಾದವರು. ಗಂಡಿನ ಕಡೆಯ ಮಕ್ಕಳು ಮರಿ ಎಲ್ಲ ಅವರನ್ನು "ಜಮಾದಾರ್ ಸಾಹೇಬ್" ಎಂದೇ ಕರೆಯಬೇಕಿತ್ತು. ಹುಡುಗನ ತಂದೆ ಅವರ ಒಡಹುಟ್ಟಿದ ತಮ್ಮ. ಅವನೂ ಹಾಗೇ ಕರೆಯುತ್ತಿದ್ದ.

ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪನನ್ನು ತೋರಿಸಿ ಸಂಬಂಧ ಕೂಡಿಸಿದವನು, "ಪೊಣ್ಣೋಡ ಅಪ್ಪಾ, ಸುಬೇದಾರ್" ಎಂದ; ಹೆಣ್ಣಿನ ತಂದೆ ಎಂದರ್ಥ. ನಮ್ಮ ರೀತಿಯ ಮರ್ಯಾದೆ. ಅವನಿಗೆ ಬೇರೆ ಉದ್ದೇಶವಿರಲಿಲ್ಲ. ಜಮಾದಾರರ ಕಿವಿಗೆ 'ಸುಬೇದಾರ್' ಬಿದ್ದದ್ದೇ ಹಿಮ್ಮಡಿ ಕೂಡಿಸಿ ಒಂದು ಸಲಾಂ ಹೊಡೆದರು. ಚಿಕ್ಕಪ್ಪನಿಗೋ, ಎದುರಿಗೆ ಬಂದವರು ಜಮಾದಾರ್ ಎಂದು ಗೊತ್ತು. ಅವರ ಕೈ ತಾನಾಗಿ ಹಣೆಗೆ ಹೋಯಿತು. ಕಿರಿಯನು ಸಲಾಂ ಹೊಡೆದರೆ ಹಿರಿಯನು ಕೈ ಇಳಿಸುವವರೆಗೆ ತಾನು ಇಳಿಸಬಾರದು ಎಂಬುದು ಇಬ್ಬರೂ ಬಲ್ಲ ಪಾಠ. ತಾನೇ ಕಿರಿಯ ಎಂದು ಚಿಕ್ಕಪ್ಪ ಕಾದರು. ತಾನೇ ಕಿರಿಯ ಎಂದು ಜಮಾದಾರರೂ ಕಾದರು. ಎರಡು ಮನೆತನಗಳು, ಎತ್ತುಗಳು, ಬಾಳೆಹಣ್ಣಿನ ತಟ್ಟೆ ಹೊತ್ತ ಹೆಂಗಸರು, ಎಲ್ಲರೂ ಬಿಸಿಲಲ್ಲಿ ನಿಂತು ಹಣೆಗೆ ಅಂಟಿಕೊಂಡ ಎರಡು ಕೈಗಳನ್ನು ನೋಡಿದರು. ಒಬ್ಬ ಮುದುಕಿ, "ಇದ್ಯಾವ ಶಾಸ್ತ್ರ ಕಣಮ್ಮಾ, ನಮ್ ಕಡೆ ಇಲ್ವೇ ಇಲ್ಲ" ಎಂದಳು. ಕೊನೆಗೆ ಗಾಡಿಯ ಎತ್ತೊಂದು ಜಮಾದಾರರನ್ನು ಹಿಂದಿನಿಂದ ತಿವಿದು ಕೈ ಇಳಿಸಿತು. ಎತ್ತು ನನ್ನ ಕಲ್ಪನೆ ಇರಬಹುದು. ಆದರೆ ಕೈಗಳು ಹೇಗೋ ಇಳಿದವು.

ಇಷ್ಟಾದರೂ ಬಚಾವಾಗುತ್ತಿದ್ದೆವು. ಆದರೆ ಒಳಗಿನಿಂದ ಚಿಕ್ಕವ್ವ ಹಿಗ್ಗಿನಲ್ಲಿ, "ಹವಾಲ್ದಾರ್ರೇ, ಬೀಗ್ರಿಗೆ ಮಜ್ಜಿಗೆ ಕೊಡಿ" ಎಂದಳು. ಜಮಾದಾರರ ಹುಬ್ಬು ಕೂಡಿತು. ಮಜ್ಜಿಗೆ ಕುಡಿಯುವಷ್ಟರಲ್ಲಿ, "ಲಾನ್ಸ್ ನಾಯ್ಕ್ರೇ, ಚಾಪೆ ಸಾಲ್ದು." ಹುಬ್ಬು ಮೇಲೇರಿತು. ವೀಳ್ಯದ ತಟ್ಟೆ ಇನ್ನೇನು ಕೈಯಿಂದ ಕೈಗೆ ಹೋಗಬೇಕು, ಅಡಿಕೆ ಹಾಕಿಲ್ಲವೆಂದು ಗೊತ್ತಾಗಿ ಬಾಗಿಲ ಮರೆಯಿಂದ ಬಂತು: "ಏ ಸಿಪಾಯೀ! ಅಡಿಕೆ ಎಲ್ಲಿ?"

ಜಮಾದಾರರು ತಟ್ಟೆಯ ಮೇಲೆ ಅಂಗೈ ಇಟ್ಟರು.

"ನಿಲ್ಸಿ. ಬೆಳಗ್ಗೆ ಸುಬೇದಾರ್. ಈಗ ಸಿಪಾಯಿ. ಯಾರಯ್ಯಾ ನೀನು?"

ಚಿಕ್ಕಪ್ಪ ಎದ್ದು, ಕೈ ಕೆಳಗೆ ಚಾಚಿ, ಸೆಟೆದು ನಿಂತರು. "ಲ್ಯಾನ್ಸ್ ನಾಯಕ್, ಸಾಹೇಬ್."

"ಲ್ಯಾನ್ಸ್ ನಾಯಕ್‌ಗೆ ನಾನು ಸಲಾಂ ಒಡೆದ್ನಾ? ಉದ್ಯೋಗಾನೇ ಸುಳ್ಳೇಳೋ ಮನೇಲಿ ಎಣ್ಣು ತರೋದಾ? ಏಳ್ರೋ ಎಲ್ರೂ, ಗಾಡಿ ಕಟ್ಟಿ!"

ಅವರ ತಮ್ಮ, ಹುಡುಗನ ತಂದೆ, ಆಗಲೇ ಅರ್ಧ ಎದ್ದಿದ್ದ. ಕೋಣೆಯೊಳಗೆ ಮಾದೇವಿಯ ಬಳೆಗಳ ಸದ್ದು ನಿಂತಿತು. ನನ್ನ ಬಿ.ಎ. ಒಂದು ವಾಕ್ಯ ಹುಡುಕುತ್ತಿತ್ತು. ಇಂಗ್ಲಿಷಿನಲ್ಲಿ ಒಂದು ಸಿಕ್ಕಿತು, ಪ್ರಯೋಜನವಿರಲಿಲ್ಲ.

ಆಗ ಚಿಕ್ಕವ್ವ ಹೊರಗೆ ಬಂದಳು. ಸೆರಗಿನಲ್ಲಿ ಕೈ ಒರಸಿಕೊಂಡು ನೇರ ಜಮಾದಾರರ ಮುಂದೆ ನಿಂತಳು.

"ಸುಳ್ಳು ಅವ್ರು ಏಳಿಲ್ಲ. ಏರ್ಸೋದು ಇಳ್ಸೋದು ನಂದು. ಕೇಳಿ ಸಾಹೇಬ್ರೇ. ಇವ್ರು ಬಸ್ರಾಗೆ ಓದ ಮೇಲೆ ಸುದ್ದಿನೇ ಇರ್ಲಿಲ್ಲ. ಇದಾರೋ ಇಲ್ವೋ ಅಂತ ಕೇಳೋಕೆ ಧರ್ಮಪುರಿ ಕಚೇರಿಗೆ ಓದೆ. ಜೊತೆಗೆ ಬರೋಕೆ ಗಂಡ್ಸು ಯಾರೂ ಇರ್ಲಿಲ್ಲ. ಗುಮಾಸ್ತ 'ಪೇರು ಎನ್ನಮ್ಮಾ' ಅಂದ. ಗಂಡನ ಎಸರು ಎಂಗೆ ಏಳ್ಲಿ? ಸುಮ್ನೆ ನಿಂತೆ. 'ಪೇರು ಇಲ್ಲಾಮೆ ಎಂಗೆ ತೇಡ್ರದು, ಪೋ' ಅಂತ, ಎಸರಿಲ್ದೆ ಎಲ್ಲಿ ಉಡುಕ್ಲಿ ಓಗು ಅಂತ, ಓಡ್ಸಿದ. ಇನ್ನೊಂದ್ಸಲ ಓದೆ. ಅಂಗೇ ಓಡ್ಸಿದ. ಆಮೇಲೆ ಬಾಗ್ಲಲ್ಲಿ ಕೂತಿದ್ದ ಒಬ್ಬ ಮುದುಕ, 'ಎಸರು ಬ್ಯಾಡ ತಾಯಿ, ಏನಾಗಿದಾರೆ ಏಳು, ಯಾವೂರು ಏಳು' ಅಂದ. ಓಗೋ ಮುಂಚೆ ಇವ್ರು ಒಂದು ಪಟ್ಟಿ ಸಿಕ್ತು ಅಂತ ಕುಣಿದಿದ್ದು ಗ್ಯಾಪಕ ಬಂತು. ಲಾನ್ಸ್ ನಾಯ್ಕ, ಈ ಊರೋರು ಅಂದೆ. ಸಿಕ್ತು. ಜೀವ ಐತೆ ಅಂದ್ರು." ಅವಳು ಉಸಿರು ತೆಗೆದುಕೊಂಡಳು. "ಆ ಮಾತು ನನ್ನ ಗಂಡನ್ನ ಉಡುಕಿ ಕೊಡ್ತು. ಅವ್ರು ಬಂದ ಮೇಲೆ ಅದು ನಂದಾಯ್ತು. ನಂದನ್ನ ಏರಿಸ್ತೀನಿ, ಇಳಿಸ್ತೀನಿ. ನಿಮ್ಗೇನು?"

ಚಿಕ್ಕಪ್ಪ ಇನ್ನೂ ಸೆಟೆದೇ ನಿಂತಿದ್ದರು. ಆಗ ಗಂಡಿನ ಕಡೆಯ ಹೆಂಗಸರ ನಡುವಿನಿಂದ, ಅದುವರೆಗೆ ಯಾರೂ ಗಮನಿಸದಿದ್ದ ಒಬ್ಬ ತೆಳ್ಳನೆಯ ಮುದುಕಿಯ ದನಿ ಬಂತು. ಜಮಾದಾರರ ಹೆಂಡತಿ.

"ಜಮಾದಾರ್ರೇ," ಎಂದಳು. ಸಾಹೇಬ್ ಇಲ್ಲ. ಬಹುಶಃ ಮದುವೆಯಾದ ಮೇಲೆ ಅವಳು ಗಂಡನನ್ನು ಕರೆದದ್ದು ಅದೇ ಮೊದಲು. ಪದವನ್ನು ನಾಲಿಗೆಯ ಮೇಲೆ ಹೊರಳಿಸಿ ರುಚಿ ನೋಡಿದಂತಿತ್ತು. "ಕೈ ತೆಗೀರಿ ತಟ್ಟೆ ಮೇಲಿಂದ."

ಕೈ ತಟ್ಟೆ ಬಿಟ್ಟು ಹಿಂದಕ್ಕೆ ಬಂತು. ವೀಳ್ಯ ಬದಲಾಯಿತು. ಊಟಕ್ಕೆ ಕೂತಾಗ ಸಾರು ಬಡಿಸಲು ತಡವಾಯಿತೆಂದು ಜಮಾದಾರರು ಗೊಣಗಿದರು. ಹೆಂಗಸರ ಸಾಲಿನಿಂದ "ಏ ಸಿಪಾಯೀ!" ಎಂದು ಕೇಳಿಸಿತು. ಯಾವ ಮುದುಕಿಯ ದನಿ ಎಂದು ಎಲ್ಲರಿಗೂ ಗೊತ್ತಾಯಿತು. ಮೀಸೆಗಳು ಅನ್ನದ ಕಡೆ ಬಗ್ಗಿದವು. ಕೋಳಿ ಸಾರಿನಲ್ಲಿ ಉಪ್ಪು ಮುಂದಾಗಿದ್ದದ್ದು ಯಾಕೆಂದು ನನ್ನ ದಿನಚರಿ ಹೇಳುವುದಿಲ್ಲ. ಇಷ್ಟನ್ನೂ ನಾನು ಎಷ್ಟೋ ಕಡೆ ಹಾಸ್ಯವಾಗಿ ಹೇಳಿ ನಗಿಸಿದ್ದೇನೆ. ಹೇಳುವಾಗ ಕಚೇರಿಯ ಭಾಗವನ್ನು ಬೇಗ ದಾಟಿಸಿ ಸಲಾಮಿನ ಭಾಗವನ್ನು ಉದ್ದ ಮಾಡುತ್ತೇನೆ ಎಂದು ಈಗ ಬರೆಯುವಾಗ ಕಾಣುತ್ತಿದೆ.

ಮೊನ್ನೆ ಭಾನುವಾರಕ್ಕೆ ಮರಳುತ್ತೇನೆ. ರಂಗಸಾಮಿ ಸ್ನಾನಕ್ಕೆ ಹೋದ. ಚಿಕ್ಕಪ್ಪ ಅವನ ಅಂಗಿಯನ್ನು ಬಿಸಿಲಿಗೆ ಹಿಡಿದು ಗುಂಡಿಗಳನ್ನು ತಪಾಸಣೆ ಮಾಡುತ್ತಿದ್ದರು. ಚಿಕ್ಕವ್ವ ಬುತ್ತಿಗೆ ರೊಟ್ಟಿ ತಟ್ಟುತ್ತಿದ್ದಳು. ಅವತ್ತು ಗಂಡನನ್ನು ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಮಾದೇವಿ ಹೊರಗೆ ಬಂದಳು.

ನಾನು ಬಿಡಲಿಲ್ಲ. "ಅಲ್ಲಮ್ಮಾ, ಹೊರಟು ನಿಂತವನನ್ನು ಸಿಪಾಯಿ ಅಂತ ಇಳಿಸ್ತೀಯಲ್ಲ. ಒಂದು ದಿನದ ಮಟ್ಟಿಗಾದರೂ ಹವಾಲ್ದಾರ್ ಮಾಡಬಾರದಾ? ನಿಮ್ಮವ್ವನ ಕೈ ದೊಡ್ಡದು, ನಿಂದು ಜಿಪುಣ."

ಅವಳು ನಗಲಿಲ್ಲ. ಜಗಲಿಯ ಕಂಬಕ್ಕೆ ಒರಗಿ, ಬಾವಿಯ ಕಡೆ ನೀರು ಸುರಿಯುವ ಸದ್ದು ಕೇಳುತ್ತ ನಿಂತಳು.

"ಇಳಿಸಿಲ್ಲ ಅಣ್ಣಾ. ಅವ್ರು ಈಗ ಸಿಪಾಯಿನೇ ತಾನೇ. ಅವ್ವ ಏರಿಸಿದ್ದು ಅಪ್ಪ ತಿರುಗಿ ಬಂದ ಮೇಲೆ. ನಾನು ಈಗ್ಲೇ ಏರ್ಸಿ ಕರ್ದು ಅದೇ ಬಾಯಿಗೆ ಬಂದ್ಬಿಟ್ರೆ, ಆಪೀಸಲ್ಲಿ ಕೇಳುವಾಗ ತಪ್ಪು ಏಳ್ಬಿಡ್ತೀನಿ."

ನೀರಿನ ಸದ್ದು ನಿಂತಿತು. ಅವಳು ಒಳಗೆ ಹೋಗಿ ಟವಲು ತಂದು, ಹಿತ್ತಲ ಕಡೆ ಮುಖ ಮಾಡಿ, ಸ್ಪಷ್ಟವಾಗಿ, ಗುಮಾಸ್ತನಿಗೂ ಕೇಳಿಸುವಂತೆ ಕರೆದಳು:

"ಸಿಪಾಯೀ."